ಅಜ್ಜನ ಪದಕಗಳು ಪಾಲಾಗದಿರಲಿ: ಸೈನಿಕರ ಮನೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸೈನಿಕರ ಪದಕಗಳು ಕಳ್ಳತನವಾಗಿ ಹೋಗುವುದು ಕಡಿಮೆ. ಹೆಚ್ಚಿನ ಸಲ ಅವು ಪ್ರೀತಿಯಿಂದಲೇ ಚದುರುತ್ತವೆ. ತಿಥಿ ಮುಗಿದ ಮೇಲೆ ಮನೆಯವರು ಕಪ್ಪು ಟ್ರಂಕ್ ತೆರೆಯುತ್ತಾರೆ. ದೊಡ್ಡ ಮಗ ‘ನೆನಪಿಗೆ ಒಂದಿರಲಿ’ ಅಂತ ಒಂದು ಪದಕ ಎತ್ತಿಕೊಳ್ಳುತ್ತಾನೆ. ಮಗಳು ಇನ್ನೊಂದು. ಟೋಪಿಯ ಬ್ಯಾಡ್ಜ್ ತಮ್ಮನ ಮನೆಗೆ, ಫೋಟೊ ಅಮೆರಿಕದ ಮೊಮ್ಮಗನಿಗೆ. ಸೇನೆ ಬಿಡುವಾಗ ಕೊಡುವ ಸೇವೆಯ ದಾಖಲೆ ಪುಸ್ತಕ, ಅಂದರೆ ಡಿಸ್ಚಾರ್ಜ್ ಬುಕ್, ಮಾತ್ರ ಯಾರಿಗೂ ಬೇಡ. ಅದು ಹಳೆ ಪಿಂಚಣಿ ಕಾಗದಗಳ ಜೊತೆ ರದ್ದಿಗೆ ಹೋಗುತ್ತದೆ. ಯಾರ ಮನಸ್ಸೂ ಕೆಟ್ಟದ್ದಲ್ಲ. ಆದರೆ ಒಂದು ತಲೆಮಾರು ದಾಟಿದರೆ ಯಾವುದು ಯಾರ ಮನೆಯಲ್ಲಿದೆ ಅಂತ ಹೇಳುವವರೇ ಇರುವುದಿಲ್ಲ.

ಕೊಡಗು, ಬೆಳಗಾವಿ, ವಿಜಯಪುರ, ಹಾಸನ ಹೀಗೆ ಸೇನೆಗೆ ಮಕ್ಕಳನ್ನು ಕಳಿಸಿದ ಊರುಗಳಲ್ಲಿ ಇಂಥ ಟ್ರಂಕ್‌ಗಳು ಇನ್ನೂ ಬೇಕಾದಷ್ಟಿವೆ. ಅವುಗಳ ಮಟ್ಟಿಗೆ ನನ್ನ ಸಲಹೆ ಒಂದೇ: ಅಸಲು ಒಬ್ಬರ ಹತ್ತಿರ ಇರಲಿ, ನಕಲು ಎಲ್ಲರಿಗೂ ಸಿಗಲಿ. ಅದನ್ನು ಮಾಡುವುದು ಹೇಗೆ ಅಂತ ಮುಂದೆ ಬರೆದಿದ್ದೇನೆ.

ಪದಕಗಳನ್ನು ಓದುವುದು ಹೇಗೆ

ಎದೆಯ ಮೇಲಿನ ಪದಕಗಳ ಸಾಲು ಒಂದು ವಾಕ್ಯ ಇದ್ದ ಹಾಗೆ. ಒಂದು ಪದ ಕಿತ್ತರೂ ಅರ್ಥ ಕೆಡುತ್ತದೆ. 1971ರ ಯುದ್ಧವನ್ನೇ ತೆಗೆದುಕೊಳ್ಳಿ. ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್ ಕೊಟ್ಟರು. ಸಂಗ್ರಾಮ್ ಮೆಡಲ್ ಆಗ ಸೇವೆಯಲ್ಲಿದ್ದ ಬಹುತೇಕ ಎಲ್ಲರಿಗೂ ಸಿಕ್ಕಿತು. ಪೂರ್ವಿ ಸ್ಟಾರ್ ಅಣ್ಣನ ಮನೆಗೂ ಸಂಗ್ರಾಮ್ ಮೆಡಲ್ ತಂಗಿಯ ಮನೆಗೂ ಹೋಯಿತು ಅಂದುಕೊಳ್ಳಿ. ತಂಗಿಯ ಮಕ್ಕಳಿಗೆ ‘ಅಜ್ಜ 1971ರಲ್ಲಿ ಸೇನೆಯಲ್ಲಿದ್ದರು’ ಅನ್ನುವುದಷ್ಟೇ ಗೊತ್ತಾಗುತ್ತದೆ. ಅವರು ಬಾಂಗ್ಲಾ ಕಡೆ ಹೋರಾಡಿದ್ದರು ಅನ್ನುವುದು ಗೊತ್ತಾಗುವುದಿಲ್ಲ. 1965ರದ್ದೂ ಹೀಗೇ. ಸಮರ್ ಸೇವಾ ಸ್ಟಾರ್ ಕಾರ್ಯಾಚರಣೆಯ ಪ್ರದೇಶದಲ್ಲಿ ಇದ್ದವರಿಗೆ. ರಕ್ಷಾ ಮೆಡಲ್ ಆ ಹೊತ್ತಿಗೆ ಸೇವೆಯಲ್ಲಿದ್ದ ಎಲ್ಲರಿಗೂ ಅನ್ನಬಹುದು.

ಕೆಲವು ಪದಕಗಳ ರಿಬ್ಬನ್ ಮೇಲೆ ಊರು ಅಥವಾ ಪ್ರದೇಶದ ಹೆಸರಿರುವ ಸಣ್ಣ ಲೋಹದ ಪಟ್ಟಿ ಇರುತ್ತದೆ. ಇದನ್ನು ಕ್ಲಾಸ್ಪ್ ಅನ್ನುತ್ತಾರೆ. ಜನರಲ್ ಸರ್ವಿಸ್ ಮೆಡಲ್ 1947ರಲ್ಲಿ ಜಮ್ಮು ಮತ್ತು ಕಾಶ್ಮೀರ, ನಾಗಾ ಹಿಲ್ಸ್, ಗೋವಾ 1961, ಲಡಾಖ್ 1962, ನೇಫಾ (ಈಗಿನ ಅರುಣಾಚಲ ಪ್ರದೇಶ) 1962 ಹೀಗೆ ಕ್ಲಾಸ್ಪ್‌ಗಳಿವೆ. ಸೈನ್ಯ ಸೇವಾ ಮೆಡಲ್‌ನಲ್ಲೂ ಹಿಮಾಲಯ, ನೇಫಾ ಮುಂತಾದವು ಸಿಗುತ್ತವೆ. ರಿಬ್ಬನ್ ಹಳತಾಗಿ ಹರಿದರೆ ಮೊದಲು ಕಳೆಯುವುದೇ ಈ ಪಟ್ಟಿ. ಪೆಟ್ಟಿಗೆಯ ತಳದಲ್ಲಿ ತುಂಡು ಲೋಹ ಸಿಕ್ಕರೆ ಬಿಸಾಕಬೇಡಿ.

ಆಮೇಲೆ ಪದಕದ ಅಂಚು ನೋಡಿ. ನಾಣ್ಯದ ಅಂಚು ಇರುತ್ತದಲ್ಲ, ಅದೇ ಜಾಗ. ಭಾರತದ ಸೇವಾ ಪದಕಗಳಲ್ಲಿ ಸಾಮಾನ್ಯವಾಗಿ ಅಲ್ಲಿ ಸೇನಾ ನಂಬರ್, ಹುದ್ದೆ, ಹೆಸರು, ಪಡೆ ಕೆತ್ತಿರುತ್ತಾರೆ. ಕಿಟಕಿಯ ಬೆಳಕನ್ನು ಓರೆಯಾಗಿ ಬೀಳಿಸಿ, ಫೋನ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು, ದೊಡ್ಡದು ಮಾಡಿ ಓದಿ. ಆ ನಂಬರ್ ಮುಂದೆ ಎಲ್ಲದಕ್ಕೂ ಬೇಕು.

ಎರಡನೇ ಮಹಾಯುದ್ಧದವರಾದರೆ ಆರು ಮೂಲೆಯ ಕಂಚಿನ ಬಣ್ಣದ ನಕ್ಷತ್ರಗಳು ಸಿಗುತ್ತವೆ. 1939–45 ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್, ಬರ್ಮಾ ಸ್ಟಾರ್ ಇತ್ಯಾದಿ. ಜೊತೆಗೆ ದುಂಡಗಿನ ವಾರ್ ಮೆಡಲ್, ಇಂಡಿಯಾ ಸರ್ವಿಸ್ ಮೆಡಲ್ ಇರಬಹುದು. ಇವುಗಳಲ್ಲಿ ಹೆಸರು ಇರಲೂಬಹುದು, ಇಲ್ಲದೆಯೂ ಇರಬಹುದು. ಹೆಸರಿಲ್ಲದ ಪದಕ ಬೇರೆಯವುಗಳ ಜೊತೆ ಇದ್ದಾಗ ಮಾತ್ರ ನಿಮ್ಮ ಅಜ್ಜನದ್ದು. ಒಂಟಿಯಾದರೆ ಅದು ಯಾರದ್ದೋ ಒಂದು ಪದಕ, ಅಷ್ಟೇ.

ಮೊದಲನೇ ಮಹಾಯುದ್ಧದ್ದು ಇನ್ನೂ ಅಪರೂಪ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧಪುರದವರ ಜೊತೆ ಸೇರಿ ನುಗ್ಗಿದ್ದು ನಮ್ಮಲ್ಲಿ ಹಲವರಿಗೆ ಗೊತ್ತು. ಆ ಕಾಲದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದ್ದು. ಅದಕ್ಕೇ ಎಷ್ಟೋ ಪದಕಗಳು ಅಕ್ಕಸಾಲಿಗನ ಕುಲುಮೆ ಸೇರಿದವು. ನಿಮ್ಮ ಮನೆಯಲ್ಲಿ ಉಳಿದಿದ್ದರೆ ಅದೃಷ್ಟ.

ಜಾಗದಿಂದ ಎತ್ತುವ ಮುಂಚೆ ಫೋಟೊ

ಟ್ರಂಕ್ ತೆರೆದ ತಕ್ಷಣ ಏನನ್ನೂ ಹೊರಗೆ ತೆಗೆಯಬೇಡಿ. ಹೇಗಿದೆಯೋ ಹಾಗೇ ಒಂದು ಫೋಟೊ. ಪದರ ಪದರವಾಗಿ ತೆಗೆಯುತ್ತಾ ಇನ್ನಷ್ಟು. ಯಾವ ಕಾಗದದ ಮಡಿಕೆಯಲ್ಲಿ ಯಾವ ಬ್ಯಾಡ್ಜ್ ಇತ್ತು ಅನ್ನುವುದೂ ಒಂದು ಮಾಹಿತಿ. ಟ್ರಂಕ್ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರ್, ಹೆಸರು, ಪಡೆ ಇರುತ್ತದಲ್ವಾ, ಅದರ ಫೋಟೊ ತೆಗೆಯಲು ಮರೆಯಬೇಡಿ. ‘ತುಕ್ಕು ಹಿಡಿದಿದೆ’ ಅಂತ ಹೊಸ ಪೇಂಟ್ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ.

ನಂತರ ಪಟ್ಟಿ ಮಾಡಿ. ಒಂದು ನೋಟ್‌ಬುಕ್ ಸಾಕು. ಪ್ರತಿ ವಸ್ತುವಿಗೆ ಒಂದು ಕ್ರಮಸಂಖ್ಯೆ, ಅದೇನು, ಅಂಚಿನಲ್ಲಿ ಏನು ಬರೆದಿದೆ, ಈಗ ಹೇಗಿದೆ, ಅದರ ಬಗ್ಗೆ ಮನೆಯಲ್ಲಿ ಯಾರು ಏನು ಹೇಳಿದರು. ಕೊನೆಯದು ಮುಖ್ಯ. ಕೇಳಿದ್ದನ್ನು ಕೇಳಿದ ಹಾಗೆ, ಹೇಳಿದವರ ಹೆಸರಿನ ಜೊತೆ ಬರೆಯಿರಿ. ನಿಜವೋ ಸುಳ್ಳೋ ಆಮೇಲೆ ನೋಡೋಣ. ಸಂಖ್ಯೆಯ ಚೀಟಿಯನ್ನು ವಸ್ತುವಿಗೆ ಅಂಟಿಸಬೇಡಿ, ಹತ್ತಿಯ ದಾರದಲ್ಲಿ ಕಟ್ಟಿ. ಫೋಟೊಗಳ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್, ಅಂಚಿನಲ್ಲಿ, ಹಗುರವಾಗಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಕಡೆ ಗೆರೆ ಮೂಡುತ್ತದೆ.

ಸೈನಿಕರು ಬದುಕಿದ್ದರೆ ಎಲ್ಲಕ್ಕಿಂತ ಮೊದಲು ಅವರ ಪಕ್ಕ ಕೂತು ಫೋನ್ ರೆಕಾರ್ಡಿಂಗ್ ಹಾಕಿ. ‘ಯುದ್ಧದ ಕಥೆ ಹೇಳಿ’ ಅಂದರೆ ಹೆಚ್ಚಿನವರು ‘ಏನಿದೆ ಹೇಳೋಕೆ’ ಅಂತ ಸುಮ್ಮನಾಗುತ್ತಾರೆ. ಬದಲಿಗೆ ಒಂದು ವಸ್ತು ಕೈಗೆ ಕೊಡಿ. ಈ ಮಗ್ ಎಲ್ಲಿಯದು? ಈ ಫೋಟೊದಲ್ಲಿ ಎಡಗಡೆ ನಿಂತವರು ಯಾರು? ಮಾತು ತಾನಾಗಿ ಬರುತ್ತದೆ. ಅವರು ಹೇಳಲು ಬಯಸದ ವಿಷಯ ಇದ್ದರೆ ಕೆದಕಬೇಡಿ.

ಕಾಗದಪತ್ರಗಳನ್ನು ಪದಕಗಳಿಗಿಂತ ಕಡಿಮೆ ಅಂತ ಎಣಿಸಬೇಡಿ. ನನ್ನನ್ನು ಕೇಳಿದರೆ ಡಿಸ್ಚಾರ್ಜ್ ಬುಕ್ ಒಂದು ಪದಕಕ್ಕಿಂತ ತೂಕದ್ದು. ಪದಕಕ್ಕೆ ನಕಲು ಸಿಗುತ್ತದೆ, ಅದಕ್ಕೆ ಕಷ್ಟ. 56 ಎಪಿಒ ಅಥವಾ 99 ಎಪಿಒ (ಸೇನೆಯ ಅಂಚೆ ಕಚೇರಿ) ವಿಳಾಸದ ಪತ್ರಗಳಿದ್ದರೆ ಲಕೋಟೆಯ ಸಮೇತ ಇಡಿ. ಗಡಿಯಲ್ಲಿದ್ದವರು ಊರಿನ ಹೆಸರು ಬರೆಯುತ್ತಿರಲಿಲ್ಲ, ಎಷ್ಟೋ ಪತ್ರಗಳಲ್ಲಿ ತಾರೀಖೂ ಇರುವುದಿಲ್ಲ. ಲಕೋಟೆಯ ಮುದ್ರೆಯೇ ಗತಿ.

ಕಾಗದ ಯಾಕೆ ಮುಖ್ಯ ಅನ್ನುವುದಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ವಿಷಯ ನೆನಪಿಸಿಕೊಳ್ಳಿ. ಕೊಡಗಿನವರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಲ್ಲಿ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿದ್ದರು ಅನ್ನುವುದು ಆಗ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಕಡೆಯ ವಿವರಗಳು ಹೊರಬಂದ ಮೇಲೆ, 1988ರಲ್ಲಿ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಕಥೆ ಯಾವಾಗ ಪೂರ್ತಿಯಾಗುತ್ತದೋ ಹೇಳಲಾಗದು.

ನಿಮ್ಮ ಹತ್ತಿರ ಕಾಗದವೇ ಇಲ್ಲದಿದ್ದರೆ ಅವರ ಪಡೆಯ ರೆಕಾರ್ಡ್ಸ್ ಆಫೀಸಿಗೆ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್, ಅಂದರೆ ಎಂಇಜಿ, ಇರುವುದು ಬೆಂಗಳೂರಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿಯಲ್ಲಿ. ಮದ್ರಾಸ್ ರೆಜಿಮೆಂಟ್ ತಮಿಳುನಾಡಿನ ವೆಲ್ಲಿಂಗ್ಟನ್‌ನಲ್ಲಿ. ನಂಬರ್, ಹುದ್ದೆ, ಹೆಸರು, ಸೇರಿದ ಮತ್ತು ಬಿಟ್ಟ ವರ್ಷ, ನಿಮಗೂ ಅವರಿಗೂ ಇರುವ ಸಂಬಂಧದ ದಾಖಲೆ ಕೊಡಿ. ದಾರಿ ತಿಳಿಯದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ. ಕಳೆದುಹೋದ ಪದಕದ ಬದಲಿಯ ಬಗ್ಗೆ ಕೇಳುವುದಕ್ಕೂ ಇದೇ ದಾರಿ. ತಾಳ್ಮೆ ಬೇಕು.

ಹುಣಸೆಹಣ್ಣು ದೂರ ಇಡಿ

ಇಲ್ಲಿ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಚದುರದೆ ಉಳಿದ ಪದಕಗಳನ್ನು ಕೆಡಿಸುವುದು ನಮ್ಮ ಶುಚಿತ್ವದ ಅಭ್ಯಾಸ.

ದೀಪದ ಕಂಬ ಉಜ್ಜಿದ ಹಾಗೆ ಪದಕವನ್ನು ಹುಣಸೆಹಣ್ಣು, ನಿಂಬೆ, ವಿಭೂತಿ, ಪಾತ್ರೆ ಪುಡಿ, ಬ್ರಾಸೋ ಯಾವುದರಿಂದಲೂ ಉಜ್ಜಬೇಡಿ. ಆಮ್ಲ ಲೋಹವನ್ನು ತಿನ್ನುತ್ತದೆ, ಪುಡಿ ಕೆರೆಯುತ್ತದೆ. ಕೆಲವು ಸಲ ಉಜ್ಜಿದರೆ ಅಂಚಿನ ಹೆಸರೇ ಮಾಸುತ್ತದೆ. ಹೆಸರು ಹೋದ ಮೇಲೆ ಹೊಳಪು ಇಟ್ಟುಕೊಂಡು ಏನು ಮಾಡುವುದು? ಹಳೆ ಬೆಳ್ಳಿಯ ಕಪ್ಪು, ಕಂಚಿನ ಕಂದು ಅವುಗಳ ವಯಸ್ಸಿನ ಬಣ್ಣ. ಹಾಗೇ ಇರಲಿ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಹಸಿರು ಪುಡಿಯಂಥ ಕಿಲುಬು ಕಂಡರೆ ಮಾತ್ರ ಅದನ್ನು ಬೇರೆ ಡಬ್ಬಿಯಲ್ಲಿಟ್ಟು ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಆಯುಧಪೂಜೆಗೂ ಕೊಡಗಿನ ಕೈಲ್ ಪೊಳ್ದ್ ಹಬ್ಬಕ್ಕೂ ಪದಕಗಳನ್ನು ಪೂಜೆಗೆ ಇಡುವ ಮನೆಗಳಿವೆ. ಇಡಿ, ತಪ್ಪೇನಿಲ್ಲ. ಆದರೆ ಅರಿಶಿನ ಕುಂಕುಮ ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚಿ. ರಿಬ್ಬನ್‌ಗೆ ತಾಗಿದ ಅರಿಶಿನ ಹೋಗುವುದಿಲ್ಲ, ಒದ್ದೆ ಕುಂಕುಮದ್ದೂ ಅದೇ ಕತೆ.

ರಿಬ್ಬನ್ ಒಗೆಯಬೇಡಿ. ಬಣ್ಣ ಒಂದಕ್ಕೊಂದು ಹರಡುತ್ತದೆ. ಹರಿದಿದ್ದರೆ ಹೊಸದನ್ನು ಹಾಕಿಸಬಹುದು, ಸೇನಾ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಹಳೆಯದನ್ನು ಒಂದು ಕವರ್‌ನಲ್ಲಿ ಹಾಕಿ ಜೊತೆಗೇ ಇಡಿ. ಅವರು ಎದೆಗೆ ಹಾಕಿಕೊಂಡಿದ್ದು ಅದನ್ನೇ. ಒಂದೇ ಬಾರ್‌ಗೆ (ಎದೆಗೆ ಸಿಕ್ಕಿಸುವ ಪಟ್ಟಿಗೆ) ಹೊಲಿದ ಪದಕಗಳನ್ನು ಬಿಚ್ಚಲೇಬೇಡಿ. ಬಾರ್ ಬಿಚ್ಚಿದ ದಿನವೇ ಪಾಲು ಶುರುವಾಗುತ್ತದೆ.

ಎಲ್ಲಿಡಬೇಕು? ಮಲೆನಾಡು, ಕೊಡಗು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ತೇವವೇ ದೊಡ್ಡ ಶತ್ರು. ಹೊರಗೋಡೆಗೆ ತಾಗಿದ ಬೀರು ಬೇಡ, ಅಟ್ಟ ಬೇಡ, ಅಡುಗೆಮನೆಯ ಪಕ್ಕ ಬೇಡ. ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಆಮ್ಲರಹಿತ ಕಾಗದ ಅಥವಾ ಚೆನ್ನಾಗಿ ಒಗೆದ ಹಳೆ ಬಿಳಿ ಮಲ್‌ಬಟ್ಟೆ, ಒಂದು ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಬೇಕು, ಇಲ್ಲದಿದ್ದರೆ ಇಟ್ಟೂ ಪ್ರಯೋಜನವಿಲ್ಲ. ವಾಸನೆ ಬರುವ ಪಿವಿಸಿ ಕವರ್, ರಬ್ಬರ್‌ಬ್ಯಾಂಡ್, ಸ್ಪಾಂಜ್ ಇವು ಲೋಹಕ್ಕೆ ಆಗದು. ರಬ್ಬರ್‌ನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಡಿಸೆಂಬರ್, ಜನವರಿಯ ಒಣ ದಿನಗಳಲ್ಲಿ ಒಮ್ಮೆ ತೆರೆದು, ಪಟ್ಟಿಗೆ ತಾಳೆ ಹಾಕಿ, ಮುಚ್ಚಿಡಿ.

ಫೋಟೊ, ಪತ್ರಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ. ಒಮ್ಮೆ ಮಾಡಿದರೆ ಬಿಡಿಸಲಾಗದು. ಸೆಲ್ಲೋಟೇಪ್ ಬೇಡ, ಸ್ಟೇಪ್ಲರ್ ಪಿನ್ ಇದ್ದರೆ ಮೆಲ್ಲಗೆ ತೆಗೆಯಿರಿ. ಪತ್ರಿಕೆಯ ತುಣುಕುಗಳನ್ನು ಬೇರೆ ಕವರ್‌ನಲ್ಲಿಡಿ, ಆ ಕಾಗದ ಅಕ್ಕಪಕ್ಕದ್ದನ್ನೂ ಹಳದಿ ಮಾಡುತ್ತದೆ. ಉಣ್ಣೆಯ ಕೋಟು, ಟೋಪಿಗೆ ನುಸಿ ಬಿದ್ದಿದ್ದರೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಡೀಪ್ ಫ್ರೀಜರ್‌ನಲ್ಲಿಡಿ. ಹೊರಗೆ ತೆಗೆದ ಮೇಲೆ ತಣ್ಣಗಿರುವುದು ಪೂರ್ತಿ ಹೋಗಿ ಕೋಣೆಯ ಬಿಸಿಗೆ ಬರುವ ತನಕ ಚೀಲ ಬಿಚ್ಚಬೇಡಿ, ಇಲ್ಲವಾದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಗೋಡೆಗೆ ಹಾಕಲೇಬೇಕು ಅನ್ನುವವರು ಬಿಸಿಲು ಬೀಳದ ಗೋಡೆ ಆರಿಸಿ. ಫ್ರೇಮ್ ಮಾಡುವವನಿಗೆ ಎರಡು ಮಾತು ಹೇಳಿ: ಅಂಟು ಹಾಕಬಾರದು, ಗಾಜು ಪದಕಕ್ಕೆ ತಾಗಬಾರದು. ಇನ್ನೂ ಒಳ್ಳೆಯದು, ಗೋಡೆಯ ಮೇಲೆ ನಕಲು ತೂಗುಹಾಕಿ.

ಟ್ರಂಕ್‌ನಲ್ಲಿ ಜೀವಂತ ಗುಂಡು ಅಥವಾ ಏನೆಂದು ಗೊತ್ತಾಗದ ಸ್ಫೋಟಕದಂಥ ವಸ್ತು ಸಿಕ್ಕರೆ ಮುಟ್ಟಬೇಡಿ. ಪೊಲೀಸರಿಗೆ ಹೇಳಿ.

ಒಬ್ಬರನ್ನು ಆರಿಸುವುದು

ಕಷ್ಟದ ಕೆಲಸ ಇದೇ. ಹಿರಿಮಗ ಅನ್ನುವ ಒಂದೇ ಕಾರಣಕ್ಕೆ ಕೊಡಬೇಡಿ. ಕೇಳಬೇಕಾದ್ದು ಬೇರೆ. ಯಾರಿಗೆ ಆಸಕ್ತಿ ಇದೆ? ಯಾರ ಮನೆ ಒಣಗಿದೆ, ಯಾರು ಪದೇ ಪದೇ ಮನೆ ಬದಲಿಸುವುದಿಲ್ಲ? ಯಾರು ಉಳಿದವರಿಗೆ ಬಾಗಿಲು ತೆರೆದು ತೋರಿಸುತ್ತಾರೆ? ಅವರ ನಂತರ ಯಾರು? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದವರಿಗೆ ಕೊಟ್ಟರೆ ಜಗಳವನ್ನು ಮೂವತ್ತು ವರ್ಷ ಮುಂದೂಡಿದ ಹಾಗೆ. ಎಷ್ಟೋ ಮನೆಗಳಲ್ಲಿ ಮಗಳೋ ಮೊಮ್ಮಗಳೋ ಸರಿಯಾದ ಆಯ್ಕೆ, ಆದರೆ ‘ಬೇರೆ ಮನೆಗೆ ಹೋದವಳು’ ಅಂತ ಅವಳ ಹೆಸರೇ ಎತ್ತುವುದಿಲ್ಲ. ಎತ್ತಿ.

ಉಳಿದವರಿಗೆ ಬರಿಗೈ ಅನ್ನಿಸಬಾರದು. ಅದಕ್ಕೆ ಮಿನಿಯೇಚರ್ ಮೆಡಲ್ ಇವೆ. ಸೇನೆಯವರು ಮೆಸ್ ಉಡುಪಿನ ಮೇಲೆ ಹಾಕುವ ಸಣ್ಣ ಪದಕಗಳು ಇವು. ಅದೇ ರಿಬ್ಬನ್, ಅದೇ ಸಾಲು. ಪ್ರತಿ ಮಗುವಿಗೆ ಒಂದೊಂದು ಪೂರ್ತಿ ಸೆಟ್ ಮಾಡಿಸಿ ಕೊಡಿ. ಒಂದು ಅಸಲು ಪದಕ ಹಿಡಿದುಕೊಳ್ಳುವುದಕ್ಕಿಂತ ಪೂರ್ತಿ ಸಾಲು ಮನೆಯಲ್ಲಿರುವುದು ಹೆಚ್ಚು ಖುಷಿ ಕೊಡುತ್ತದೆ ಅನ್ನುವುದು ನನ್ನ ಅನಿಸಿಕೆ. ದೊಡ್ಡ ಗಾತ್ರದ ನಕಲು ಮಾಡಿಸಿದರೆ ಹಿಂದೆ ‘ನಕಲು’ ಅಂತ ಕೆತ್ತಿಸಿ, ಮುಂದೆ ಗೊಂದಲ ಆಗಬಾರದು. ಫೋಟೊಗಳನ್ನು 600 ಡಿಪಿಐ, ಪತ್ರಗಳನ್ನು 300 ಡಿಪಿಐನಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ಪೆನ್‌ಡ್ರೈವ್ ಅಥವಾ ಡ್ರೈವ್ ಲಿಂಕ್ ಕೊಡಿ.

ಕೊಡಗಿನವರಿಗೆ ಐನ್‌ಮನೆ ಅನ್ನುವ ಇನ್ನೊಂದು ದಾರಿ ಇದೆ. ಒಕ್ಕದ (ಒಂದೇ ಮನೆತನದ) ಎಲ್ಲರಿಗೂ ಸೇರಿದ ಮನೆ, ಹಬ್ಬಕ್ಕೆ ಎಲ್ಲರೂ ಬರುವ ಜಾಗ. ಪಾಲಿನ ಮಾತೇ ಬರುವುದಿಲ್ಲ. ಆದರೆ ವರ್ಷದ ಹೆಚ್ಚಿನ ದಿನ ಬೀಗ ಹಾಕಿರುವ, ಮಳೆಗಾಲದಲ್ಲಿ ಸೋರುವ ಮನೆಯಾದರೆ ಅಲ್ಲಿ ನಕಲು ಮತ್ತು ಫೋಟೊ ಸಾಕು.

ಬರವಣಿಗೆಯಲ್ಲಿ ಇರಲಿ

ವಿಲ್ ಇಲ್ಲದೆ ಹೋದರೆ ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಪುರುಷನ ಸ್ವಂತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರಿಗೆ ಸಮನಾಗಿ ಹೋಗುತ್ತದೆ. ಪದಕವೂ ಕಾನೂನಿನ ಕಣ್ಣಿಗೆ ಚರಾಸ್ತಿಯೇ. ಹಾಗಾಗಿ ವಿಲ್‌ನಲ್ಲಿ ಹೊಲ ಮನೆಯ ಜೊತೆ ಇದಕ್ಕೂ ಒಂದು ಪ್ಯಾರಾ ಬೇಕು. ಹೀಗೆ ಬರೆಯಬಹುದು:

‘ಅನುಬಂಧ ಅ ಪಟ್ಟಿಯಲ್ಲಿರುವ ನನ್ನ ಸೇನಾ ಪದಕಗಳು, ಬ್ಯಾಡ್ಜ್‌ಗಳು, ಸಮವಸ್ತ್ರ, ಪತ್ರಗಳು, ಫೋಟೊಗಳು ಮತ್ತು ದಾಖಲೆಗಳು ಎಲ್ಲವೂ ಒಂದೇ ಸಂಗ್ರಹ. ಇದನ್ನು ಬಿಡಿಸದೆ ನನ್ನ ಮೊಮ್ಮಗಳು (ಹೆಸರು) ಅವರಿಗೆ ಕೊಡತಕ್ಕದ್ದು. ಅವರು ನನಗಿಂತ ಮೊದಲು ತೀರಿಕೊಂಡಿದ್ದರೆ ಅಥವಾ ಬೇಡವೆಂದರೆ (ಹೆಸರು) ಅವರಿಗೆ ಸೇರತಕ್ಕದ್ದು.’

ವಿಲ್‌ಗೆ ಸಹಿ, ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಸಂಗ್ರಹ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ಮುಸ್ಲಿಮರಿಗೆ ವಿಲ್‌ನ ನಿಯಮ ಬೇರೆ, ವಕೀಲರನ್ನು ಕೇಳಿ. ‘ಮಾರಬಾರದು, ಒಡೆಯಬಾರದು’ ಅಂತ ಷರತ್ತು ಸೇರಿಸಬಹುದು. ಆದರೆ ಪೂರ್ತಿ ಒಡೆತನ ಕೊಟ್ಟ ಮೇಲೆ ಅಂಥ ಷರತ್ತು ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಅದಕ್ಕೇ ಆಯ್ಕೆಯ ಬಗ್ಗೆ ಅಷ್ಟು ಹೇಳಿದ್ದು. ಇದಕ್ಕಿಂತ ಸರಳವಾದದ್ದು, ಸೈನಿಕರು ಬದುಕಿರುವಾಗಲೇ ಎಲ್ಲರೆದುರು ದಾನವಾಗಿ ಕೈಗೆ ಕೊಟ್ಟುಬಿಡುವುದು. ಚರ ವಸ್ತುವಿಗೆ ಕೈಯಾರೆ ಕೊಟ್ಟರೆ ಸಾಕು. ಆದರೂ ಪಟ್ಟಿ ಸಮೇತ ಒಂದು ಪತ್ರ ಬರೆದು ಎಲ್ಲ ಮಕ್ಕಳ ಸಹಿ ಹಾಕಿಸಿ.

ಮ್ಯೂಸಿಯಂಗೆ ಕೊಡುವುದಾದರೆ

ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಇದು ಒಳ್ಳೆಯ ದಾರಿ. ಮೊದಲು ಅವರ ಪಡೆಯ ಕೇಂದ್ರವನ್ನು ಕೇಳಿ, ಬೆಂಗಳೂರಿನ ಎಂಇಜಿ ಸೇರಿದಂತೆ ಹಲವು ಕೇಂದ್ರಗಳಲ್ಲಿ ತಮ್ಮದೇ ಮ್ಯೂಸಿಯಂ ಇದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ, 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದರು.

ಭಾವುಕರಾಗಿ ಸಮಾರಂಭದಲ್ಲಿ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡು ಬರಬೇಡಿ. ಕೇಳಿ: ಇದು ದಾನವೋ, ಎರವಲೋ? ಇಡೀ ಸಂಗ್ರಹ ಒಂದೇ ಕಡೆ ಇರುತ್ತದೆಯೇ, ಅಥವಾ ಬೇಕಾದ್ದು ಮಾತ್ರ ತೆಗೆದುಕೊಳ್ಳುತ್ತಾರೆಯೇ? ಮ್ಯೂಸಿಯಂ ಮುಚ್ಚಿದರೆ ಯಾರಿಗೆ? ಎಲ್ಲ ವಸ್ತುವಿಗೂ ನಂಬರ್ ಹಾಕಿದ ರಸೀದಿ ಪಡೆಯಿರಿ. ಎಲ್ಲವನ್ನೂ ಸದಾ ಪ್ರದರ್ಶನಕ್ಕೆ ಇಡುತ್ತಾರೆ ಅಂದುಕೊಳ್ಳಬೇಡಿ, ಯಾವ ಮ್ಯೂಸಿಯಂನಲ್ಲೂ ಹೆಚ್ಚಿನ ವಸ್ತುಗಳು ಉಗ್ರಾಣದಲ್ಲೇ ಇರುತ್ತವೆ. ಅದು ಅವಮಾನವಲ್ಲ. ಊರಿನ ಶಾಲೆ, ಕ್ಲಬ್‌ಗೆ ಮಾತ್ರ ಅಸಲು ಕೊಡಬೇಡಿ. ತೆಗೆದುಕೊಂಡ ಹೆಡ್‌ಮಾಸ್ಟರ್ ವರ್ಗವಾದ ಮೇಲೆ ಬೀರುವಿನ ಕೀ ಯಾರ ಹತ್ತಿರ ಅಂತಲೂ ತಿಳಿಯುವುದಿಲ್ಲ.

ವಿದೇಶದಲ್ಲಿರುವ ಮಕ್ಕಳಿಗೆ ಒಂದು ಎಚ್ಚರಿಕೆ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ಅಡಿ ಬರುತ್ತವೆ, ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಮೊದಲ ಮಹಾಯುದ್ಧದ ಪದಕ ಸೂಟ್‌ಕೇಸ್‌ಗೆ ಹಾಕುವ ಮುಂಚೆ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿ.

ಈಗಾಗಲೇ ಚದುರಿದ್ದರೆ

ಮೊದಲೇ ‘ವಾಪಸ್ ಕೊಡಿ’ ಅನ್ನಬೇಡಿ. ‘ಎಲ್ಲದರ ಫೋಟೊ ಒಂದು ಕಡೆ ಸೇರಿಸುತ್ತಿದ್ದೇನೆ’ ಅನ್ನಿ. ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಫೋಟೊಗಳೆಲ್ಲ ಬಂದ ಮೇಲೆ ಪೂರ್ತಿ ಸಾಲನ್ನು ಜೋಡಿಸಿ, ಯಾವುದು ಯಾರ ಹತ್ತಿರ ಅಂತ ಗುರುತು ಹಾಕಿ, ಎಲ್ಲರಿಗೂ ಕಳಿಸಿ. ಖಾಲಿ ಜಾಗಗಳು ಕಣ್ಣಿಗೆ ಬೀಳುತ್ತವೆ. ಆಮೇಲೆ ಮಿನಿಯೇಚರ್ ಸೆಟ್‌ಗೆ ಬದಲಾಗಿ ಅಸಲು ಕೊಡುವ ಮಾತು ಎತ್ತಬಹುದು. ಒಪ್ಪದವರನ್ನು ಒತ್ತಾಯಿಸಬೇಡಿ. ಅವರ ವಿಲ್‌ನಲ್ಲಿ ಒಂದು ಸಾಲು ಸೇರಿಸುವಂತೆ ಕೇಳಿ.

ಮಾರಾಟವಾಗಿ ಹೋದ ಪದಕಗಳೂ ಕೆಲವೊಮ್ಮೆ ಆನ್‌ಲೈನ್ ಹರಾಜುಗಳಲ್ಲಿ ಕಾಣಿಸುತ್ತವೆ. ಹೆಸರು ಹಾಕಿ ಹುಡುಕುವುದಕ್ಕಿಂತ ಸೇನಾ ನಂಬರ್ ಹಾಕಿ ಹುಡುಕಿ, ಇಂಗ್ಲಿಷಿನಲ್ಲಿ ನಮ್ಮ ಹೆಸರುಗಳನ್ನು ಹತ್ತು ಥರ ಬರೆದಿರುತ್ತಾರೆ. ಕೊಳ್ಳುವ ಮೊದಲು ಅಂಚಿನ ಸ್ಪಷ್ಟ ಫೋಟೊ ತರಿಸಿಕೊಳ್ಳಿ. ಅಕ್ಷರಗಳ ಸುತ್ತ ಉಜ್ಜಿ ಮತ್ತೆ ಕೆತ್ತಿದ ಗುರುತಿದ್ದರೆ ಬಿಟ್ಟುಬಿಡಿ. ‘ನನ್ನ ಅಜ್ಜನದ್ದು’ ಅಂತ ಮಾರುವವನಿಗೆ ಹೇಳಬೇಡಿ, ಬೆಲೆ ಏರುತ್ತದೆ. ಮರಳಿ ಬಂದದ್ದನ್ನು ಪಟ್ಟಿಗೆ ಸೇರಿಸುವಾಗ ಅದು ಇಷ್ಟು ದಿನ ಎಲ್ಲಿತ್ತು, ಯಾರಿಂದ ಬಂತು, ಎಷ್ಟು ಕೊಟ್ಟಿರಿ ಅನ್ನುವುದನ್ನೂ ಬರೆದು ರಸೀದಿ ಜೊತೆಗಿಡಿ.